40 ನಿಮಿಷ ಮೈಕ್ ಮುಟ್ಟಲಿಲ್ಲ

ಲೋಕಲ್ ಟ್ರೇನಿನಲ್ಲಿ ಗಾರ್ಡ್ ಕೆಲಸಕ್ಕೆ, ಅಂದರೆ ಹಿಂದಿನ ಕ್ಯಾಬಿನ್ನಿನಲ್ಲಿದ್ದು ಬಾಗಿಲು, ಮೈಕ್ ನೋಡಿಕೊಳ್ಳುವ ಕೆಲಸಕ್ಕೆ, ಸೇರಿ ಎರಡನೇ ವರ್ಷ. ಸಂಜೆಯ ರಷ್. ಎರಡು ಸ್ಟೇಷನ್‌ಗಳ ನಡುವೆ ಗಾಡಿ ನಿಂತುಬಿಟ್ಟಿತು. ಮುಂದೆ ಪಾಯಿಂಟ್, ಅಂದರೆ ಹಳಿ ಬದಲಿಸುವ ಜಾಗ, ಕೆಟ್ಟಿದೆ ಅಂತ ಡ್ರೈವರ್ ತಿಳಿಸಿದರು. ಕಂಟ್ರೋಲ್ ರೂಮಿನವರು ಕಾಯಿರಿ ಅಂದರು, ಕಾದೆ. ಮೈಕ್ ಕೈಗೆಟುಕುವ ಹಾಗೇ ಇತ್ತು, ಮುಟ್ಟಲಿಲ್ಲ. ಖಚಿತ ಮಾಹಿತಿ ಇಲ್ಲದೆ ಏನೂ ಹೇಳಬಾರದು ಅಂತ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನಾನು ವಿಧೇಯ ವಿದ್ಯಾರ್ಥಿ. ಹೀಗೆ 40 ನಿಮಿಷ ಹೋಯಿತು.

ಗಾಡಿ ಸ್ಟೇಷನ್ ಸೇರಿದಾಗ ಜನ ನನ್ನ ಕ್ಯಾಬಿನ್ ಮುತ್ತಿಕೊಂಡರು. 'ನಮ್ಮ ದುಡ್ಡಲ್ಲಿ ಸಂಬಳ ತಗೊಂಡು ಒಳಗೆ ನಿದ್ದೆ ಹೊಡೀತಾರೆ' ಅಂತ ಒಬ್ಬರು ಕೂಗಿದರು. 'ಗುಂಡಿ ಒತ್ತೋ ಕೆಲಸಕ್ಕೆ ಇಷ್ಟೊಂದು ಸಂಬಳ ಬೇರೆ' ಅಂತ ಇನ್ನೊಬ್ಬರು. ಇವಕ್ಕೆಲ್ಲ ನನ್ನ ಹತ್ತಿರ ಉತ್ತರ ರೆಡಿ ಇತ್ತು. ಆದರೆ ಬ್ಯಾಗನ್ನು ಎದೆಗವಚಿಕೊಂಡು ನಿಂತಿದ್ದ ಒಬ್ಬ ಹೆಂಗಸು ಕೂಗಲೇ ಇಲ್ಲ. ಗುಂಪು ಕರಗುವವರೆಗೂ ಕಾದು, ಮೆಲ್ಲಗೆ ಕೇಳಿದರು: 'ನಿಮ್ಮ ಸಂಬಳದ ಮೇಲೆ ನನಗೇನೂ ಹೊಟ್ಟೆಕಿಚ್ಚಿಲ್ಲ. ಒಂದು ಮಾತು ಹೇಳೋಕೆ ನಿಮಗೇನು ಧಾಡಿ?'

ಆವತ್ತು ರಾತ್ರಿ ಸಿಬ್ಬಂದಿ ತಂಗುವ ರನ್ನಿಂಗ್ ರೂಮಿನಲ್ಲಿ ಇದನ್ನು ಹೇಳಿಕೊಂಡೆ. 'ಜನಕ್ಕೆ ಏನು ಗೊತ್ತು, ಬಿಡು' ಅಂದರು ಹಿರಿಯರು. ನಮ್ಮಲ್ಲಿ ಎಲ್ಲ ಕಾಯಿಲೆಗೂ ಅದೊಂದೇ ಮದ್ದು. ಆದರೆ ಜನಕ್ಕೆ ಗೊತ್ತಿಲ್ಲ ಅಂದರೆ ಹೇಳಬೇಕಾದವರು ಯಾರು? ಮೈಕ್ ಇದ್ದದ್ದು ನನ್ನ ಹತ್ತಿರ ಅಲ್ವಾ?

ಅಲ್ಲಿಂದ ನನ್ನದೇ ಒಂದು ಪದ್ಧತಿ ಮಾಡಿಕೊಂಡೆ. ಗಾಡಿ ನಿಂತು ಎರಡು ನಿಮಿಷ ಆಗುವುದರೊಳಗೆ ಮಾತಾಡಬೇಕು. ಗೊತ್ತಿರುವುದನ್ನು ಹೇಳಬೇಕು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಹೇಳಬೇಕು. ಮುಂದಿನ ಸಲ ಯಾವಾಗ ಮಾತಾಡುತ್ತೇನೆ ಅಂತ ಹೇಳಿ, ಆ ಹೊತ್ತಿಗೆ ಸರಿಯಾಗಿ ಮೈಕ್ ಎತ್ತಬೇಕು. ಹೇಳಲು ಹೊಸದೇನೂ ಇಲ್ಲದಿದ್ದರೂ ಎತ್ತಬೇಕು. ಈ ಕೊನೆಯದೇ ಕಷ್ಟ. 'ಐದು ನಿಮಿಷದ ಹಿಂದೆ ಹೇಳಿದ್ದೇ, ಇನ್ನೂ ಏನೂ ಬದಲಾಗಿಲ್ಲ' ಅಂತ ಒಂದು ಸಾವಿರಕ್ಕೂ ಜಾಸ್ತಿ ಜನರ ಕಿವಿಗೆ ಹೇಳುವಾಗ ನಾಚಿಕೆಯಾಗುತ್ತದೆ. ಆದರೂ ಹೇಳಿದೆ.

'ತಾಂತ್ರಿಕ ಕಾರಣ' ಅನ್ನುವುದನ್ನು ಪೂರ್ತಿ ಬಿಟ್ಟೆ. ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಅದರ ಬದಲು, 'ಮುಂದೆ ಹಳಿ ಬದಲಿಸುವ ಜಾಗದಲ್ಲಿ ಹಳಿ ಪೂರ್ತಿ ಕೂತಿಲ್ಲ. ಅದು ಕೂರುವವರೆಗೂ ಸಿಗ್ನಲ್ ಹಸಿರಾಗುವುದಿಲ್ಲ. ಸರಿಮಾಡುವವರು ನಡೆದುಕೊಂಡು ಬರುತ್ತಿದ್ದಾರೆ' ಅಂದೆ. ನಡೆದುಕೊಂಡು ಅನ್ನುವ ಮಾತಿಗೆ ಬೋಗಿಯಲ್ಲಿ ಯಾರೋ ನಕ್ಕಿದ್ದು ಕೇಳಿಸಿತು. ಸಿಟ್ಟು ಅಷ್ಟಾದರೂ ಇಳಿಯಿತಲ್ಲ. ಹಾಗಂತ ಬೈಗುಳವೇನೂ ನಿಂತುಹೋಗಲಿಲ್ಲ. ಬೈಯುವವರು ನನ್ನನ್ನು ಬಿಟ್ಟು ಪಾಯಿಂಟನ್ನು ಬೈಯಲು ಶುರುಮಾಡಿದರು, ಅಷ್ಟೇ.

ಇನ್ನು ಸಂಬಳ. ವೇತನ ಪರಿಷ್ಕರಣೆಯ ಸುದ್ದಿ ಬಂದ ದಿನ ಯೂನಿಫಾರ್ಮ್ ಹಾಕಿಕೊಂಡು ಪ್ಲಾಟ್‌ಫಾರ್ಮಿನಲ್ಲಿ ನಡೆಯುವುದು ಸುಲಭವಲ್ಲ. ಮೊದಮೊದಲು ವಾದ ಮಾಡುತ್ತಿದ್ದೆ. ರಾತ್ರಿ ಪಾಳಿ, ಹಬ್ಬದ ದಿನದ ಡ್ಯೂಟಿ, ನಿಂತು ನಿಂತು ಊದಿದ ಕಾಲು ಅಂತ ಪಟ್ಟಿ ಕೊಡುತ್ತಿದ್ದೆ. ಎದುರಿಗಿದ್ದವರು ದಿನಾ ಎರಡು ಗಂಟೆ ಒಂಟಿ ಕಾಲಲ್ಲಿ ನಿಂತು ಪ್ರಯಾಣ ಮಾಡುವವರು. ಅವರಲ್ಲಿ ಎಷ್ಟೋ ಜನರಿಗೆ ನನ್ನ ಅರ್ಧ ಸಂಬಳವೂ ಇಲ್ಲ, ಪಿಂಚಣಿಯಂತೂ ಇಲ್ಲವೇ ಇಲ್ಲ. ಅವರ ಮುಂದೆ ನನ್ನ ಕಾಲುನೋವಿನ ಕಥೆ ಯಾಕೆ?

ಆಮೇಲೆ ವಾದ ಬಿಟ್ಟೆ. ಯಾರಾದರೂ ನಿಜವಾಗಿ ತಿಳಿಯಲೆಂದು ಕೇಳಿದರೆ ಸ್ಪ್ಲಿಟ್ ಡ್ಯೂಟಿ ಒಂದನ್ನು ವಿವರಿಸುತ್ತೇನೆ. ಲೋಕಲ್ ಟ್ರೇನಿಗೆ ಬೇಡಿಕೆ ಇರುವುದು ಬೆಳಗ್ಗೆ, ಸಂಜೆ. ಹಾಗಾಗಿ ನಮ್ಮ ದಿನವನ್ನೂ ಎರಡು ತುಂಡು ಮಾಡುತ್ತಾರೆ. ನಸುಕಿನಲ್ಲಿ ಶುರುವಾಗಿ ಹತ್ತರ ಹೊತ್ತಿಗೆ ಒಂದು ತುಂಡು ಮುಗಿಯುತ್ತದೆ, ಇನ್ನೊಂದು ಸಂಜೆ ನಾಲ್ಕಕ್ಕೆ ಶುರುವಾಗುತ್ತದೆ. ನಡುವಿನ ಹೊತ್ತಿನಲ್ಲಿ ಮನೆಗೆ ಹೋಗಿ ಬರುವಷ್ಟರಲ್ಲಿ ಮಲಗಲು ಸಮಯ ಉಳಿಯುವುದಿಲ್ಲ. ಲೆಕ್ಕಕ್ಕೆ ಬರುವುದು ಮಾತ್ರ ಗಾಡಿಯ ಮೇಲಿದ್ದ ಗಂಟೆಗಳು.

ಓವರ್‌ಟೈಮ್ ವಿಷಯದಲ್ಲಿ ಜನರ ಅನುಮಾನ ಪೂರ್ತಿ ಸುಳ್ಳಲ್ಲ, ಒಪ್ಪಿಕೊಳ್ಳುತ್ತೇನೆ. ಹೊಸಬರನ್ನು ತೆಗೆದುಕೊಂಡರೆ ಒಬ್ಬರೇ ಗಾಡಿ ನೋಡಿಕೊಳ್ಳುವಷ್ಟು ತಯಾರಾಗಲು ತಿಂಗಳುಗಟ್ಟಲೆ ಬೇಕು. ಅಲ್ಲಿವರೆಗೂ ಖಾಲಿ ಜಾಗವನ್ನು ಇದ್ದವರ ಓವರ್‌ಟೈಮಿನಲ್ಲೇ ತುಂಬುತ್ತಾರೆ. ಕೆಲವರಿಗೆ ಅದು ಶಿಕ್ಷೆ, ಕೆಲವರಿಗೆ ಚಟ. ನನಗೂ ಒಂದು ಕಾಲದಲ್ಲಿ ಚಟವಾಗಿತ್ತು. ಸಾಲ ತೀರಿಸಬೇಕಿತ್ತು, ಕೊಟ್ಟಷ್ಟೂ ತೆಗೆದುಕೊಂಡೆ.

ಆ ಕಾಲದಲ್ಲೇ ನಡೆದದ್ದು ಇದು. ಸತತ ಒಂಬತ್ತನೇ ದಿನದ ಡ್ಯೂಟಿ. ಸ್ಟೇಷನ್ ಬಂತು. ಪ್ಲಾಟ್‌ಫಾರ್ಮ್ ಬಲಕ್ಕಿತ್ತು, ನನ್ನ ಕೈ ಎಡಬಾಗಿಲಿನ ಗುಂಡಿಯ ಮೇಲಿತ್ತು. ಒತ್ತಿದ್ದರೆ ಎಡಗಡೆಯ ಬಾಗಿಲುಗಳೆಲ್ಲ ತೆರೆದುಕೊಳ್ಳುತ್ತಿದ್ದವು. ಆ ಕಡೆ ಹಳಿ. ಬಾಗಿಲಿಗೆ ಒರಗಿ ನಿಂತವರು ನೇರ ಕೆಳಗೆ. ನನ್ನನ್ನು ಉಳಿಸಿದ್ದು ಅಭ್ಯಾಸ. ಗುಂಡಿ ಒತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಕಡೆ ಬೆರಳು ತೋರಿಸಿ 'ಪ್ಲಾಟ್‌ಫಾರ್ಮ್ ಬಲಕ್ಕೆ' ಅಂತ ಬಾಯಿಬಿಟ್ಟು ಹೇಳಬೇಕು. ಬಾಯಿ ಬಲ ಅಂದಿತು, ಕೈ ಎಡಕ್ಕಿತ್ತು. ಆಗ ಕಣ್ಣು ಬಿಟ್ಟೆ. ಮುಂದಿನ ಸ್ಟೇಷನ್‌ವರೆಗೂ ಕೈ ನಡುಗುತ್ತಲೇ ಇತ್ತು.

ಹೀಗೆ ಬೆರಳು ತೋರಿಸಿ ಮಾತಾಡುವುದನ್ನು ಜನ ವೀಡಿಯೊ ಮಾಡಿಕೊಂಡು ನಗುತ್ತಾರೆ. 'ಗಾಳಿ ಜೊತೆ ಮಾತಾಡ್ತಾನೆ, ಕುಡಿದಿರಬೇಕು' ಅಂತ ನನ್ನ ಬಗ್ಗೆಯೂ ಅಂದದ್ದುಂಟು. ಇದು ಜಪಾನಿನ ರೈಲುಗಳಲ್ಲಿ ಬೇರೂರಿದ ಪದ್ಧತಿ. ಅಲ್ಲಿನ ರೈಲ್ವೆ ತಾಂತ್ರಿಕ ಸಂಶೋಧನಾ ಸಂಸ್ಥೆ 1994ರಲ್ಲಿ ಇದನ್ನು ಪರೀಕ್ಷಿಸಿ ನೋಡಿತು. ಸುಮ್ಮನೆ ಮಾಡಿದಾಗ 100ಕ್ಕೆ 2.38ರಷ್ಟಿದ್ದ ತಪ್ಪು, ಬೆರಳು ತೋರಿಸಿ ಹೇಳಿ ಮಾಡಿದಾಗ 0.38ಕ್ಕೆ ಇಳಿಯಿತು. ಓವರ್‌ಟೈಮ್ ಬಗ್ಗೆ ಯೋಚಿಸುವಾಗ ನನಗೆ ಲಂಡನ್ನಿನ ಕ್ಲಾಪಮ್ ಜಂಕ್ಷನ್ ನೆನಪಾಗುತ್ತದೆ. 1988ರ ಡಿಸೆಂಬರ್ 12ರಂದು ಅಲ್ಲಿ ರೈಲುಗಳು ಡಿಕ್ಕಿಯಾಗಿ 35 ಜನ ಸತ್ತರು. ಕಾರಣ, ಸಿಗ್ನಲ್ ಕೆಲಸದಲ್ಲಿ ಕತ್ತರಿಸದೆ ಬಿಟ್ಟ ಒಂದು ಹಳೇ ವೈರ್. ಆ ಕೆಲಸ ಮಾಡಿದ ಟೆಕ್ನೀಷಿಯನ್‌ಗೆ ಹಿಂದಿನ 13 ವಾರಗಳಲ್ಲಿ ಸಿಕ್ಕಿದ್ದು ಒಂದೇ ಒಂದು ದಿನ ರಜೆ.

ಈಗ ನನ್ನ ತಪ್ಪು. ಇದನ್ನು ಬರೆಯದಿದ್ದರೆ ಮೇಲಿನದೆಲ್ಲ ಬರೀ ಬಡಾಯಿ ಆಗುತ್ತದೆ. ಒಂದು ದಿನ ಬೆಳಗ್ಗೆ ವಯಸ್ಸಾದವರೊಬ್ಬರು ಮೆಟ್ಟಿಲಿಳಿದು ಓಡಿಬರುತ್ತಿದ್ದರು. ಬಾಗಿಲಿಗೆ ಮೂರೇ ಹೆಜ್ಜೆ. ನನ್ನನ್ನು ನೋಡಿದರು, ನಾನೂ ನೋಡಿದೆ. ಗುಂಡಿ ಒತ್ತಿದೆ. ಸಮಯವಾಗಿತ್ತು ನಿಜ. ಒಂದು ಬಾಗಿಲಿಗೆ ಕಾದರೆ ಇನ್ನೊಂದು ಬಾಗಿಲಿಗೆ ಇನ್ನೊಬ್ಬರು ಓಡಿಬರುತ್ತಾರೆ, ಹಿಂದಿನ ಗಾಡಿ ಸಿಗ್ನಲ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಅದೂ ನಿಜ. ಆದರೆ ನಾನು ಒತ್ತಿದ್ದು ಅದಕ್ಕಲ್ಲ. ಹಿಂದಿನ ಸಂಜೆ ಯಾರೋ ಬೈದಿದ್ದರು, ಆ ಸಿಟ್ಟನ್ನು ಇವರ ಮೇಲೆ ತೀರಿಸಿಕೊಂಡೆ. ಅವರು ಗಾಜಿಗೆ ಅಂಗೈ ಬಡಿದ ಸದ್ದು ಇವತ್ತಿಗೂ ಕಿವಿಯಲ್ಲಿದೆ. ದೂರು ಬಂತು. 'ಸಮಯಪಾಲನೆಯ ದೃಷ್ಟಿಯಿಂದ' ಅಂತ ಉತ್ತರ ಬರೆದುಕೊಟ್ಟೆ, ಫೈಲ್ ಮುಚ್ಚಿತು. ನಿಯಮ ನನ್ನ ಕಡೆಗಿತ್ತು. ಜನರ ಹೊಟ್ಟೆ ಉರಿಸುವುದು ಇದೇ.

ಹಾಗಂತ, ನಮ್ಮವರನ್ನು ಹಿಡಿದು ಬಡಿದರೆ ಸರಿಹೋಗುತ್ತಾರೆ ಅನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. 2005ರ ಏಪ್ರಿಲ್ 25ರಂದು ಜಪಾನಿನಲ್ಲಿ 23 ವರ್ಷದ ಡ್ರೈವರ್ ಒಬ್ಬ ಇಟಾಮಿ ಸ್ಟೇಷನ್‌ನಲ್ಲಿ ನಿಲ್ಲಿಸಬೇಕಾದ ಜಾಗ ದಾಟಿ 70 ಮೀಟರಿಗೂ ಹೆಚ್ಚು ಮುಂದೆ ಹೋದ. ಗಾಡಿ ತಡವಾಯಿತು. ಅಲ್ಲಿ ಇಂಥ ತಪ್ಪಿಗೆ 'ಮರುತರಬೇತಿ' ಅನ್ನುವ ಹೆಸರಿನ ಶಿಕ್ಷೆ ಇತ್ತು. ದಿನಗಟ್ಟಲೆ ತಪ್ಪೊಪ್ಪಿಗೆ ಬರೆಯಬೇಕು, ಕಳೆ ಕೀಳಬೇಕು, ಎಲ್ಲರೆದುರು ಬೈಸಿಕೊಳ್ಳಬೇಕು. ಆತ ಮೊದಲೇ ಅದನ್ನು ಅನುಭವಿಸಿದ್ದ. ದೂರವನ್ನು ಕಡಿಮೆ ಮಾಡಿ ಹೇಳು ಅಂತ ಕಂಡಕ್ಟರ್‌ನನ್ನು, ಅಂದರೆ ಅಲ್ಲಿನ ಗಾರ್ಡನ್ನು, ಕೇಳಿಕೊಂಡ. ಕಂಡಕ್ಟರ್ ಕಂಟ್ರೋಲ್‌ಗೆ 8 ಮೀಟರ್ ಅಂದ. ಅಷ್ಟರಲ್ಲಿ ಅಮಾಗಸಾಕಿಯಲ್ಲಿ ಗಂಟೆಗೆ 70 ಕಿಲೋಮೀಟರ್ ಮಿತಿಯ ತಿರುವಿಗೆ ಗಾಡಿ 116ರಲ್ಲಿ ನುಗ್ಗಿ ಹಳಿ ತಪ್ಪಿತು. ಡ್ರೈವರ್ ಸೇರಿ 107 ಜನ ಸತ್ತರು. ನಾನೂ ಹಿಂದಿನ ಕ್ಯಾಬಿನ್ನಿನವನು. ನಮ್ಮ ಡ್ರೈವರ್ ಹಾಗೆ ಕೇಳಿದ್ದರೆ ನಾನೂ 8 ಅಂತಿದ್ದೆನೋ ಏನೋ.

ಹೊಸಬರನ್ನು ತಯಾರು ಮಾಡುವ ಕೆಲಸ ಈಗ ನನ್ನದು. ಪಾಠದ ಪುಸ್ತಕದಲ್ಲಿ ಬ್ರೇಕ್, ಸಿಗ್ನಲ್, ಬೆಂಕಿ ಎಲ್ಲ ಇದೆ, ಜನರ ಬಗ್ಗೆ ಎರಡು ಪುಟ. ಅದಕ್ಕೇ ಮೊದಲ ವಾರ ಅವರನ್ನು ಯೂನಿಫಾರ್ಮ್ ಇಲ್ಲದೆ ರಷ್ ಹೊತ್ತಿನ ಬೋಗಿಗೆ ಹತ್ತಿಸುತ್ತೇನೆ. ಗುಂಪಿನಲ್ಲಿ ನಿಂತು, ನಮ್ಮವರ ಬಗ್ಗೆ ಜನ ಆಡುವುದನ್ನು ಕೇಳಿಸಿಕೊಂಡು ಬನ್ನಿ ಅನ್ನುತ್ತೇನೆ. ಒಬ್ಬ ಹುಡುಗಿ ಬಂದವಳೇ, 'ಸಾರ್, ನಾಲ್ಕನೇ ಬೋಗೀಲಿ ಸ್ಪೀಕರ್ ಕೇಳಿಸೋದೇ ಇಲ್ಲ' ಅಂದಳು. ಇಷ್ಟು ವರ್ಷ ನಾನು ಕೊಟ್ಟ ಭಾಷಣ ಎಷ್ಟು ಜನರಿಗೆ ತಲುಪಿಯೇ ಇರಲಿಲ್ಲವೋ!

ಮೊನ್ನೆ ಇನ್ನೊಬ್ಬ ಹುಡುಗನ ಜೊತೆ ಕ್ಯಾಬಿನ್ನಿನಲ್ಲಿದ್ದೆ. ಗಾಡಿ ನಿಂತಿತು. ಅವನು ನನ್ನ ಮುಖ ನೋಡಿದ. ನಾನು ಕಿಟಕಿ ಕಡೆ ತಿರುಗಿದೆ. ಒಂದು ನಿಮಿಷ ಆಯಿತು, ಒಂದೂವರೆ ಆಯಿತು. ಕೊನೆಗೆ ಮೈಕ್ ಎತ್ತಿದ, ದನಿ ನಡುಗುತ್ತಿತ್ತು. 'ನಾನು ನಿಮ್ಮ ಗಾರ್ಡ್. ಮುಂದೆ ಕೆಂಪು ಸಿಗ್ನಲ್ ಇದೆ. ಯಾಕೆ ಅಂತ ನನಗಿನ್ನೂ ಗೊತ್ತಿಲ್ಲ. ಐದು ನಿಮಿಷಕ್ಕೆ ಮತ್ತೆ ಹೇಳ್ತೀನಿ.' ಪಕ್ಕದ ಬೋಗಿಯಿಂದ ಯಾರೋ ಗಂಟಲು ಹರಿಯುವ ಹಾಗೆ ಕೂಗಿದರು: 'ಗೊತ್ತಿಲ್ಲ ಅನ್ನೋಕೂ ಸಂಬಳಾನಾ?' ಹುಡುಗ ಕಿಸಕ್ಕನೆ ನಕ್ಕುಬಿಟ್ಟ. ಮೈಕ್ ಆಫ್ ಮಾಡಿರಲಿಲ್ಲ, ಆ ನಗು ಎಲ್ಲ ಬೋಗಿಗೂ ಹೋಯಿತು. ನಾಲಿಗೆ ಕಚ್ಚಿಕೊಂಡು ನನ್ನ ಕಡೆ ನೋಡಿದ. ಐದು ನಿಮಿಷಕ್ಕೆ ಸರಿಯಾಗಿ ಮತ್ತೆ ಮೈಕ್ ಎತ್ತಿಕೊಂಡ.