ಕಾಗದವೇ ಪಂಪು: ಪರೀಕ್ಷಾ ಪಟ್ಟಿಯಲ್ಲಿ ದ್ರವದ ನಡೆಯನ್ನು ಅಳೆದು ನೋಡುವ ಬಗೆ

ಗರ್ಭ ನಿಂತಿದೆಯೇ ಎಂದು ತಿಳಿಯಲು ಬಳಸುವ ಪಟ್ಟಿಯಲ್ಲಾಗಲಿ, ಮಲೇರಿಯಾದ ತ್ವರಿತ ಪರೀಕ್ಷೆಯ ಪಟ್ಟಿಯಲ್ಲಾಗಲಿ ಬ್ಯಾಟರಿಯೂ ಇಲ್ಲ, ಪಂಪೂ ಇಲ್ಲ. ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವ ಹಾಗೆ, ನಾರುಗಳ ನಡುವಿನ ಸೂಕ್ಷ್ಮ ಸಂದುಗಳು ದ್ರವವನ್ನು ತಾವೇ ಒಳಕ್ಕೆ ಸೆಳೆಯುತ್ತವೆ. ಮುಂಬಯಿಯ ಮಾಟುಂಗದಲ್ಲಿ ಭಾನುವಾರಗಳಂದು ಕನ್ನಡದ ಮಕ್ಕಳಿಗೆ ನಾನು ಮಾಡಿಸುವ ಪ್ರಯೋಗಗಳಲ್ಲಿ ನನಗೆ ಬಹಳ ಪ್ರಿಯವಾದದ್ದು ಈ ಸೆಳೆತವನ್ನು ಗಡಿಯಾರ ಹಿಡಿದು ಅಳೆಯುವ ಪ್ರಯೋಗ. ದೋಸೆ ಕಟ್ಟಿಕೊಟ್ಟ ಕಾಗದದಲ್ಲಿ ಎಣ್ಣೆಯ ಕಲೆ ಹರಡುವುದನ್ನು ನಿತ್ಯ ನೋಡುವ ಮಕ್ಕಳಿಗೆ ಅದರ ಹಿಂದೊಂದು ಲೆಕ್ಕವಿದೆಯೆಂದು ತಿಳಿದಾಗ ಆಗುವ ಸಂತೋಷ ದೊಡ್ಡದು.

ಬೇಕಾದ ಸಾಮಾನು ಹೆಚ್ಚಿಲ್ಲ. ಪ್ರಯೋಗಾಲಯದ ಸಾಮಗ್ರಿ ಮಾರುವ ಅಂಗಡಿಯಲ್ಲಿ ವಾಟ್‌ಮನ್ 1 ಎಂಬ ಫಿಲ್ಟರ್ ಪೇಪರ್ ಸಿಗುತ್ತದೆ. ಅದರ ದಪ್ಪ ಸುಮಾರು 0.18 ಮಿಲಿಮೀಟರ್, ಅದು ತಡೆಹಿಡಿಯುವ ಕಣಗಳ ಗಾತ್ರ ಸುಮಾರು 11 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ಇದು ಸಿಗದಿದ್ದರೆ ಕಾಫಿ ಸೋಸುವ ಕಾಗದ ನಡೆಯುತ್ತದೆ. ಬರೆಯುವ ಕಾಗದ ಮಾತ್ರ ಬೇಡ, ಏಕೆಂದರೆ ಶಾಯಿ ಹರಡದಿರಲೆಂದು ಅದಕ್ಕೆ ಮೊದಲೇ ಅಂಟು ಸೇರಿಸಿರುತ್ತಾರೆ.

ಒಂದು ಸೆಂಟಿಮೀಟರ್ ಅಗಲ, ಎಂಟು ಸೆಂಟಿಮೀಟರ್ ಉದ್ದದ ಪಟ್ಟಿಗಳನ್ನು ಕತ್ತರಿಸಿ, ಸೆಂಟಿಮೀಟರಿಗೊಂದರಂತೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಪೆನ್ನಿನ ಗೆರೆಯಾದರೆ ನೀರಿನೊಂದಿಗೆ ತಾನೂ ಹೊರಡುತ್ತದೆ. ಎಲ್ಲ ಪಟ್ಟಿಗಳನ್ನೂ ಹಾಳೆಯ ಒಂದೇ ದಿಕ್ಕಿನಲ್ಲಿ ಕತ್ತರಿಸುವುದು ಮುಖ್ಯ. ಕಾಗದ ಯಂತ್ರದಲ್ಲಿ ತಯಾರಾಗುವಾಗ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗುವುದರಿಂದ, ಉದ್ದುದ್ದ ಕತ್ತರಿಸಿದ ಪಟ್ಟಿಗೂ ಅಡ್ಡಡ್ಡ ಕತ್ತರಿಸಿದ ಪಟ್ಟಿಗೂ ವೇಗ ಬೇರೆಯಾಗಬಹುದು. ಪಟ್ಟಿಯ ನಡುಭಾಗವನ್ನು ಬೆರಳಿನಿಂದ ಮುಟ್ಟಬೇಡಿ, ಚರ್ಮದ ಎಣ್ಣೆ ನೀರಿಗೆ ಅಡ್ಡಿಯಾಗುತ್ತದೆ.

ಈಗ ಪಟ್ಟಿಯನ್ನು ಒಂದು ಕಡ್ಡಿಗೆ ಅಂಟಿಸಿ ಲೋಟದೊಳಗೆ ಇಳಿಬಿಟ್ಟು, ಕೆಳತುದಿ ಮಾತ್ರ ನೀರಿಗೆ ತಾಗುವಂತೆ ಮಾಡಿ. ಮೇಜಿನ ಮೇಲೆ ಹಾಸಿ ಅಳೆದರೆ ಕಾಗದಕ್ಕೂ ಮೇಜಿಗೂ ನಡುವಿನ ಸಂದಿನಲ್ಲಿ ನೀರು ಬೇಗನೆ ನುಗ್ಗಿ ಲೆಕ್ಕವನ್ನೇ ಕೆಡಿಸುತ್ತದೆ. ಒದ್ದೆಯ ಅಂಚು ಒಂದೊಂದು ಗೆರೆಯನ್ನು ಮುಟ್ಟಿದ ಸಮಯವನ್ನು ಬರೆದುಕೊಳ್ಳುತ್ತ ಹೋಗಿ. ಮೊದಲ ಸೆಂಟಿಮೀಟರಿಗೆ 10 ಸೆಕೆಂಡು ಹಿಡಿಯಿತೆನ್ನೋಣ. ಎರಡನೆಯ ಗೆರೆಗೆ 20 ಅಲ್ಲ, 40 ಸೆಕೆಂಡಿನ ಆಸುಪಾಸು ಬರುತ್ತದೆ, ಮೂರನೆಯದಕ್ಕೆ 90, ನಾಲ್ಕನೆಯದಕ್ಕೆ 160. ದೂರ ಎರಡರಷ್ಟಾದರೆ ಸಮಯ ನಾಲ್ಕರಷ್ಟಾಗುತ್ತದೆ, ಅಂದರೆ ದೂರದ ವರ್ಗಕ್ಕೆ ತಕ್ಕಂತೆ ಸಮಯ ಬೆಳೆಯುತ್ತದೆ. 1918ರಲ್ಲಿ ಲೂಕಾಸ್, 1921ರಲ್ಲಿ ವಾಶ್‌ಬರ್ನ್ ಎಂಬ ವಿಜ್ಞಾನಿಗಳು ಬರೆದ ಸಮೀಕರಣ ಹೇಳುವುದು ಇದನ್ನೇ. ಕಾರಣ ಸರಳವಾಗಿದೆ: ಮುಂದಿನ ಅಂಚಿನಲ್ಲಿರುವ ಎಳೆತ ಮೊದಲಿನಷ್ಟೇ ಇರುತ್ತದೆ, ಆದರೆ ಆ ಎಳೆತ ಹಿಂದಿನಿಂದ ಎಳೆದು ತರಬೇಕಾದ ನೀರಿನ ದಾರಿ ಕ್ಷಣಕ್ಷಣಕ್ಕೂ ಉದ್ದವಾಗುತ್ತ, ಸಂದುಗಳ ಘರ್ಷಣೆ ಹೆಚ್ಚುತ್ತ ಹೋಗುತ್ತದೆ. ಪರೀಕ್ಷಾ ಪಟ್ಟಿಗಳು ಬೆರಳುದ್ದವಷ್ಟೇ ಇರುವುದಕ್ಕೆ ಇದೂ ಒಂದು ಕಾರಣ.

ಇದೇ ಪ್ರಯೋಗವನ್ನು ಸಕ್ಕರೆ ಪಾಕದಿಂದ ಮಾಡಿ ನೋಡಿ. ದ್ರವದ ಸ್ನಿಗ್ಧತೆ, ಅಂದರೆ ಹರಿಯಲು ಅದು ಒಡ್ಡುವ ತಡೆ, ನಾಲ್ಕರಷ್ಟಾದರೆ ಅಷ್ಟೇ ದೂರಕ್ಕೆ ಹೆಚ್ಚುಕಡಿಮೆ ನಾಲ್ಕರಷ್ಟು ಸಮಯ ಬೇಕು. ಪಟ್ಟಿಯ ಅಗಲವನ್ನು ಮಾತ್ರ ಬದಲಿಸಿದರೆ ಅಂಚಿನ ವೇಗ ಬದಲಾಗುವುದಿಲ್ಲ. ಕಿರಿದಾದ ಪಟ್ಟಿ ನಡುದಾರಿಯಲ್ಲಿ ಅಗಲವಾದರೆ ಅಂಚು ಅಲ್ಲಿಂದ ಮುಂದೆ ನಿಧಾನವಾಗುತ್ತದೆ.

ಹವೆಯನ್ನು ಮರೆಯಬಾರದು. ಮುಂಬಯಿಯ ಮಳೆಗಾಲದಲ್ಲಿ ಪಟ್ಟಿಯಿಂದ ನೀರು ಆರುವುದು ತೀರ ಕಡಿಮೆ, ಆದ್ದರಿಂದ ಲೆಕ್ಕ ಚೆನ್ನಾಗಿ ಕೂಡಿಬರುತ್ತದೆ. ಪುಣೆಯ ಏಪ್ರಿಲ್ ಬಿಸಿಲಿನ ಒಣಹವೆಯಲ್ಲಿ ಉದ್ದದ ಪಟ್ಟಿಯನ್ನು ತೆರೆದಿಟ್ಟರೆ, ಮೇಲೇರಿದಷ್ಟು ನೀರೂ ಆರುತ್ತ ಅಂಚು ಒಂದೆಡೆ ನಿಂತೇಬಿಡಬಹುದು. ಲೋಟದ ಬಾಯನ್ನು ಮುಚ್ಚಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಇನ್ನು ದ್ರವಕ್ಕೆ ದಾರಿ ಕೊರೆಯುವ ಕೆಲಸ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ರಸಾಯನವಿಜ್ಞಾನಿ ವೈಟ್‌ಸೈಡ್ಸ್ ಅವರ ತಂಡ 2007ರಲ್ಲಿ ಕಾಗದದ ಮೇಲೆ ನೀರನ್ನು ತಡೆಯುವ ಗೋಡೆಗಳನ್ನು ಮೂಡಿಸಿ ಪುಟ್ಟ ಪರೀಕ್ಷಾ ಸಾಧನವನ್ನು ತೋರಿಸಿತು. ನಮಗೆ ಮೇಣದ ಬಳಪ ಸಾಕು. ಕವಲೊಡೆದ ಕಾಲುವೆಯ ಎರಡೂ ದಡಗಳನ್ನು ಒತ್ತಿ ಬರೆದು, ಕಾಗದವನ್ನು ಎರಡು ಹಳೆಯ ಹಾಳೆಗಳ ನಡುವೆ ಇಟ್ಟು ಇಸ್ತ್ರಿ ಮಾಡಿ. ಈ ಹಂತವನ್ನು ಬಿಟ್ಟರೆ ಮೇಣ ಮೇಲ್ಪದರದಲ್ಲೇ ಉಳಿದು, ನೀರು ಅದರ ಅಡಿಯಿಂದ ನುಸುಳಿ ಆಚೆಗೆ ಹೋಗುತ್ತದೆ. ಕರಗಿದ ಮೇಣ ಕೆಳಕ್ಕಷ್ಟೇ ಅಲ್ಲದೆ ಅಕ್ಕಪಕ್ಕಕ್ಕೂ ಹರಡುವುದರಿಂದ, ಕಾಲುವೆಯನ್ನು ಬೇಕಾದುದಕ್ಕಿಂತ ಅಗಲವಾಗಿ, ಐದಾರು ಮಿಲಿಮೀಟರ್ ಬಿಟ್ಟು ಬರೆಯಬೇಕು. ಮಕ್ಕಳಿರುವ ಕಡೆ ಇಸ್ತ್ರಿ ಹಿಡಿಯುವುದು ದೊಡ್ಡವರ ಕೆಲಸ.

ಕಾಲುವೆಯ ಒಂದು ಕವಲಿನ ತುದಿಯಲ್ಲಿ, ಸ್ಪಿರಿಟ್ಟಿನಲ್ಲಿ ಕಲಕಿ ತಿಳಿಯಾಗಲು ಬಿಟ್ಟ ಅರಿಶಿನದ ಒಂದು ಹನಿಯನ್ನು ಕಡ್ಡಿಯಿಂದ ಮುಟ್ಟಿಸಿ ಆರಲು ಬಿಡಿ. ಎಲೆಅಡಿಕೆಯ ಸುಣ್ಣವನ್ನು ನೀರಿನಲ್ಲಿ ಕದಡಿ, ಮೇಲಿನ ತಿಳಿಯನ್ನು ಮಾತ್ರ ತೆಗೆದು ಕಾಲುವೆಯ ಬುಡಕ್ಕೆ ಹನಿಸಿದರೆ, ದ್ರವ ಅಲ್ಲಿಗೆ ತಲುಪಿದೊಡನೆ ಹಳದಿ ಚುಕ್ಕೆ ಆರತಿಯ ಓಕುಳಿಯಂತೆ ಕೆಂಪಾಗುತ್ತದೆ. ಅರಿಶಿನದ ಬಣ್ಣ ನೀರಿನಲ್ಲಿ ಅಷ್ಟಾಗಿ ಕರಗದೆ ಇಟ್ಟ ಜಾಗದಲ್ಲೇ ನಿಲ್ಲುವುದರಿಂದ ಅದು ಇಲ್ಲಿ, ಅಂಗಡಿಯ ಪಟ್ಟಿಯಲ್ಲಿ ಫಲಿತಾಂಶ ತೋರಿಸುವ ಪರೀಕ್ಷಾ ಗೆರೆಯ ಕೆಲಸ ಮಾಡುತ್ತದೆ. ಸುಣ್ಣದ ನೀರು ಕಣ್ಣಿಗೆ ಸಿಡಿಯದಂತೆ ಎಚ್ಚರವಿರಲಿ.

ಅಂಗಡಿಯ ಪಟ್ಟಿಯ ರಚನೆಯೂ ಈಗ ಸುಲಭವಾಗಿ ತಿಳಿಯುತ್ತದೆ. ಹನಿ ಬೀಳುವ ಪದರದ ನಂತರ, ಹೆಚ್ಚಿನ ಪಟ್ಟಿಗಳಲ್ಲಿ, ಕೆಂಪಾಗಿ ಕಾಣುವ ಚಿನ್ನದ ಅತಿಸೂಕ್ಷ್ಮ ಕಣಗಳನ್ನು ಪ್ರತಿಕಾಯಗಳೊಂದಿಗೆ (ಹುಡುಕುವ ವಸ್ತುವಿಗೆ ಮಾತ್ರ ಅಂಟಿಕೊಳ್ಳುವ ಪ್ರೋಟೀನುಗಳು) ಒಣಗಿಸಿಟ್ಟ ಪದರ. ಆಮೇಲೆ ನೈಟ್ರೋಸೆಲ್ಯುಲೋಸ್ ಪೊರೆ, ಅದರ ಮೇಲೆ ಪರೀಕ್ಷಾ ಗೆರೆ ಮತ್ತು ನಿಯಂತ್ರಣ ಗೆರೆ. ಕೊನೆಯಲ್ಲಿ ದಪ್ಪನೆಯ ಹೀರುಪದರ. ಪೊರೆಯೆಲ್ಲ ತೊಯ್ದ ಮೇಲೂ ದ್ರವ ನಿಲ್ಲದೆ ಹರಿದು, ಗೆರೆಗೆ ಅಂಟದ ಕಣಗಳನ್ನು ತೊಳೆದುಕೊಂಡು ಹೋಗುವುದು ಈ ಹೀರುಪದರದಿಂದಲೇ. ನಿಯಂತ್ರಣ ಗೆರೆ ಮೂಡದಿದ್ದರೆ ದ್ರವದ ನಡೆ ಸರಿಯಾಗಿಲ್ಲವೆಂದೋ ಪಟ್ಟಿ ಕೆಟ್ಟಿದೆಯೆಂದೋ ತಿಳಿದು ಆ ಫಲಿತಾಂಶವನ್ನು ಬಿಡಬೇಕು. ಪೊಟ್ಟಣದಲ್ಲಿ ಸಿಲಿಕಾ ಜೆಲ್ ಇಟ್ಟಿರುವುದು ತೇವದಿಂದ ಕಾಪಾಡಲಿಕ್ಕೆ. ನಮ್ಮ ಕರಾವಳಿಯ ಹವೆಯಲ್ಲಿ ಪೊಟ್ಟಣವನ್ನು ಪರೀಕ್ಷೆಯ ಹೊತ್ತಿಗೆ ಮಾತ್ರ ತೆರೆಯಬೇಕು. ಫಲಿತಾಂಶವನ್ನು ಪೊಟ್ಟಣದ ಮೇಲೆ ಬರೆದ ಅವಧಿಯೊಳಗೇ ಓದಬೇಕು. ಅವಧಿ ಮೀರಿದ ಮೇಲೆ ಪೊರೆ ಆರತೊಡಗಿ, ಹೀರುಪದರದ ದ್ರವ ಬಣ್ಣದ ಕಣಗಳನ್ನು ಹೊತ್ತು ಹಿಂದಕ್ಕೆ ಹರಿದರೆ, ಇಲ್ಲದ ಕಡೆಯೂ ಮಸುಕಾದ ಗೆರೆಯೊಂದು ಕಾಣಿಸಬಹುದು.