ನದಿಯ ಮರಳು, ಹೂಳಿಗೆ ನಾನೇ ಬರೆದ ಕಂಪ್ಯೂಟರ್ ಮಾಡೆಲ್: ನನ್ನ ಅನುಭವ

ನದಿಯಲ್ಲಿ ಹೂಳು ಹೇಗೆ ಸಾಗುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲು ಹೊರಟವರು ಸಾಮಾನ್ಯವಾಗಿ ನೇರವಾಗಿ ಮೂರು ಆಯಾಮದ ಮಾಡೆಲ್‌ಗೆ ಕೈ ಹಾಕುತ್ತಾರೆ. ಓಪನ್‌ಫೋಮ್, ಟೆಲಿಮ್ಯಾಕ್‌ನಂಥ ಒಳ್ಳೆಯ ಸಾಫ್ಟ್‌ವೇರ್ ಕಾಸಿಲ್ಲದೆ ಸಿಗುತ್ತದೆ, ಬಣ್ಣಬಣ್ಣದ ಚಿತ್ರಗಳೂ ಬರುತ್ತವೆ. ಆ ಚಿತ್ರ ಸರಿಯೋ ತಪ್ಪೋ ಅಂತ ನೋಡಲು ನಮ್ಮ ಕೈಯಲ್ಲೊಂದು ಸಣ್ಣ ಲೆಕ್ಕ ಬೇಕಲ್ವಾ? ಅದಕ್ಕೇ ನಾನು ತಳದಿಂದ ಮೇಲ್ಮೈವರೆಗಿನ ಒಂದೇ ಒಂದು ನೀರಿನ ಕಂಬ ತೆಗೆದುಕೊಂಡು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಶುರು ಮಾಡಿದೆ.

ಮಳೆಗಾಲದ ತುಂಗಭದ್ರೆಯಂಥ ನದಿ ನನ್ನ ಮನಸ್ಸಿನಲ್ಲಿತ್ತು. ಲೆಕ್ಕಕ್ಕೆ ಅಂತ ಆಳ 4 ಮೀಟರ್, ಇಳಿಜಾರು 5000ಕ್ಕೆ 1 ಎಂದು ಹಿಡಿದೆ. ನೀರಿನ ಸಾಂದ್ರತೆ, ಗುರುತ್ವ, ಆಳ, ಇಳಿಜಾರು ನಾಲ್ಕನ್ನೂ ಗುಣಿಸಿದರೆ ತಳದ ಮೇಲಿನ ಎಳೆತ ಸಿಗುತ್ತದೆ. ಇಲ್ಲಿ ಅದು ಚದರ ಮೀಟರಿಗೆ ಸುಮಾರು 7.8 ನ್ಯೂಟನ್. ಅದರಿಂದ ಘರ್ಷಣೆ ವೇಗ ಸೆಕೆಂಡಿಗೆ ಸುಮಾರು 9 ಸೆಂ.ಮೀ. ಇದು ನದಿ ಹರಿಯುವ ವೇಗ ಅಲ್ಲ. ಸುಳಿಗಳು ಕಣವನ್ನು ಎಷ್ಟು ಜೋರಾಗಿ ಮೇಲೆತ್ತಬಲ್ಲವು ಅನ್ನೋದರ ಅಳತೆ.

ಇನ್ನೊಂದು ಕಡೆ ಕಣ ತನ್ನ ಭಾರಕ್ಕೆ ಕೆಳಗಿಳಿಯುತ್ತಿರುತ್ತದೆ. 1 ಮಿ.ಮೀ. ಮರಳು ನಿಂತ ನೀರಿನಲ್ಲಿ ಸೆಕೆಂಡಿಗೆ 10 ಸೆಂ.ಮೀ.ಗಿಂತ ಜಾಸ್ತಿ ಇಳಿಯುತ್ತದೆ. 0.2 ಮಿ.ಮೀ.ನ ಸಣ್ಣ ಮರಳು 2 ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು. 0.02 ಮಿ.ಮೀ.ನ ಗೋಡು, ಅಂದರೆ ಹಿಟ್ಟಿನಂಥ ನುಣ್ಣನೆ ಮಣ್ಣು, ಅರ್ಧ ಮಿಲಿಮೀಟರ್ ಕೂಡ ಇಳಿಯಲ್ಲ. ಇಳಿಯುವ ವೇಗವನ್ನು ಘರ್ಷಣೆ ವೇಗದ 0.4 ಪಟ್ಟಿನಿಂದ ಭಾಗಿಸಿದರೆ ಬರುವುದು ರೌಸ್ ಸಂಖ್ಯೆ. ನೀರಿನ ಹರಿವಿನ ವಿಜ್ಞಾನಿ ಹಂಟರ್ ರೌಸ್ 1937ರಲ್ಲಿ ಕೊಟ್ಟದ್ದು. 2.5ಕ್ಕಿಂತ ಜಾಸ್ತಿ ಬಂದರೆ ಕಣ ತಳದಲ್ಲೇ ಉರುಳುತ್ತದೆ, ಕಡಿಮೆಯಾದಷ್ಟೂ ತೇಲುತ್ತದೆ. ನನ್ನ ಕಂಬದಲ್ಲಿ ದಪ್ಪ ಮರಳಿಗೆ 3ರ ಮೇಲೆ ಬಂತು, ಸಣ್ಣ ಮರಳಿಗೆ 0.65, ಗೋಡಿಗೆ 0.01. ಒಂದೇ ನೀರು, ಮೂರು ಬೇರೆ ಬೇರೆ ಹಣೆಬರಹ.

ಆಮೇಲೆ ಸಾವಿರಾರು ಕಣಗಳನ್ನು ಕಂಬದೊಳಗೆ ಬಿಟ್ಟೆ. ಪ್ರತಿ 0.1 ಸೆಕೆಂಡಿಗೆ ಪ್ರತಿ ಕಣ ತನ್ನ ಭಾರದಷ್ಟು ಕೆಳಗೆ, ಸುಳಿಯ ಲೆಕ್ಕದಲ್ಲಿ ಯದ್ವಾತದ್ವಾ ಮೇಲೆ ಕೆಳಗೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಸುಳಿಗಳು ಬೆರೆಸುವ ಶಕ್ತಿ ಎಲ್ಲ ಎತ್ತರದಲ್ಲೂ ಒಂದೇ ಅಲ್ಲ. ಆಳದ ಮಧ್ಯದಲ್ಲಿ ಅತಿ ಜಾಸ್ತಿ, ತಳದಲ್ಲೂ ಮೇಲ್ಮೈಯಲ್ಲೂ ಸೊನ್ನೆ. ಸುಮ್ನೆ ಯಾದೃಚ್ಛಿಕ ಸಂಖ್ಯೆಯಿಂದ ಕಣ ಅಲ್ಲಾಡಿಸಿದರೆ, ಬೆರಕೆ ಕಡಿಮೆ ಇರುವ ಆ ಎರಡು ತುದಿಗಳಲ್ಲಿ ಕಣಗಳು ಸುಳ್ಳುಸುಳ್ಳೇ ಗುಂಪು ಕಟ್ಟುತ್ತವೆ. ಆ ಶಕ್ತಿ ಎತ್ತರದ ಜೊತೆ ಎಷ್ಟು ಬದಲಾಗುತ್ತದೋ ಅಷ್ಟನ್ನು ಪ್ರತಿ ಹೆಜ್ಜೆಗೂ ಸೇರಿಸಲೇಬೇಕು. ಇದಕ್ಕೆ ನಾನು ಇಟ್ಟ ಪರೀಕ್ಷೆ: ಮೊದಲು ಭಾರವೇ ಇಲ್ಲದ ಕಣಗಳನ್ನು ಎಲ್ಲೆಡೆ ಸಮನಾಗಿ ಹರಡಿ ಓಡಿಸುವುದು. ಎಷ್ಟು ಹೊತ್ತು ಓಡಿದರೂ ಅವು ಸಮನಾಗೇ ಉಳಿಯಬೇಕು. ಉಳಿದ ಮೇಲೆಯೇ ಭಾರ ಕೊಟ್ಟೆ. ಬಂದ ಹಂಚಿಕೆ, ಯಾವ ಎತ್ತರದಲ್ಲಿ ಎಷ್ಟು ಕಣ ಇರುತ್ತದೆ ಅಂತ ಹೇಳುವ ರೌಸ್ ಸೂತ್ರಕ್ಕೆ ಸರಿಯಾಗಿ ಹೊಂದಿದಾಗ ತುಂಬಾ ಖುಷಿಯಾಯಿತು.

ಈ ಹಂಚಿಕೆಯನ್ನು ಒಮ್ಮೆ ನೋಡಿ. ಸಣ್ಣ ಮರಳು ತಳದಿಂದ 20 ಸೆಂ.ಮೀ. ಎತ್ತರದಲ್ಲಿ 100 ಪಾಲು ಇದ್ದರೆ, 1.6 ಮೀಟರ್ ಎತ್ತರದಲ್ಲಿ ಬರೀ 19 ಪಾಲು, 3.6 ಮೀಟರಿನಲ್ಲಿ 4 ಪಾಲೂ ಇಲ್ಲ. ಗೋಡು ಮಾತ್ರ ಮೂರೂ ಕಡೆ ಹೆಚ್ಚುಕಮ್ಮಿ ಅಷ್ಟೇ. ನಮ್ಮಲ್ಲಿ ನದಿಯ ಹೂಳು ಅಳೆಯಲು ಸಾಮಾನ್ಯವಾಗಿ ಮೇಲಿನಿಂದ 0.6 ಆಳದಲ್ಲಿ ಬಾಟಲಿಗೆ ನೀರು ಹಿಡಿಯುತ್ತಾರೆ, ಅಂದರೆ ಇಲ್ಲಿ ಆ 1.6 ಮೀಟರಿನ ಜಾಗ. ಗೋಡಿಗೆ ಆ ಒಂದು ಬಾಟಲಿ ಸಾಕು. ಮರಳಿಗೆ ಸಾಲದು. ತಳದಲ್ಲಿ ಉರುಳುವ ದಪ್ಪ ಮರಳಂತೂ ಆ ಬಾಟಲಿಗೆ ಸಿಗುವುದೇ ಇಲ್ಲ. ಮಾಡೆಲ್ ಅನ್ನು ಅಳತೆಗೆ ಹೊಂದಿಸುವಾಗ ಇದನ್ನು ಬಿಟ್ಟರೆ ಮರಳಿನ ಲೆಕ್ಕ ಪೂರ್ತಿ ಕೈತಪ್ಪುತ್ತದೆ.

ಉರುಳುವ ಮರಳಿಗೆ ನಾನು ಬಳಸಿದ್ದು 1948ರ ಮೇಯರ್-ಪೀಟರ್ ಮತ್ತು ಮುಲ್ಲರ್ ಸೂತ್ರ. ಎಳೆತ ಒಂದು ಮಿತಿ ದಾಟಿದ ಮೇಲೆ, ದಾಟಿದ ಭಾಗದ ಒಂದೂವರೆ ಘಾತದಂತೆ ಸಾಗಣೆ ಏರುತ್ತದೆ. ಎಳೆತ ವೇಗದ ವರ್ಗದಂತೆ ಏರುವುದರಿಂದ, ಜೋರು ಪ್ರವಾಹದಲ್ಲಿ ವೇಗ ಎರಡು ಪಟ್ಟಾದರೆ ಮರಳು ಸುಮಾರು ಎಂಟು ಪಟ್ಟು. ಹಾಗಾಗಿ ಜೋರು ದಿನಗಳನ್ನು ಮುಚ್ಚಿಹಾಕುವ ತಿಂಗಳ ಸರಾಸರಿ ಹರಿವು ಹಾಕಿ ಲೆಕ್ಕ ತೆಗೆಯುವುದು ನನಗೆ ಒಪ್ಪಿಗೆಯಿಲ್ಲ. ದಿನದ ಹರಿವಾದರೂ ಬೇಕು.

ಸುಳಿಗಳನ್ನು ಒಂದೊಂದಾಗಿ ಲೆಕ್ಕ ಹಾಕುವ ದೊಡ್ಡ ಮಾಡೆಲ್ ಬೇಡವೇ ಅಂತ ಕೇಳಬಹುದು. ಸೇತುವೆ ಕಂಬದ ಬುಡದ ಕೊರೆತಕ್ಕೆ ಬೇಕು, ಅಲ್ಲಿ ಕ್ಷಣಕ್ಕೊಮ್ಮೆ ಬರುವ ಹೊಡೆತವೇ ಕಲ್ಲು ಕದಲಿಸುತ್ತದೆ. ಕಿಲೋಮೀಟರ್‌ಗಟ್ಟಲೆ ಮರಳು ತಳದ ಪ್ರವಾಹಕ್ಕೆ ಸುಳಿಗಳ ಸರಾಸರಿ ಪರಿಣಾಮವನ್ನಷ್ಟೇ ಹಿಡಿಯುವ ಮಾಡೆಲ್ ಸಾಕು. ದೊಡ್ಡ ಮಾಡೆಲ್‌ಗೆ ಹೋಗುವ ಸಮಯವನ್ನು ತಳದ ಮರಳು ತಂದು ಜರಡಿ ಹಿಡಿದು ಕಣದ ಗಾತ್ರ ನೋಡಲು ಕೊಡುವುದು ಮೇಲು.

ಕೊನೆಗೆ ಅದೇ ಪ್ರೋಗ್ರಾಮನ್ನು ಜಲಾಶಯದ ಬಾಯಿಗೆ ಒಯ್ದೆ. ನೀರು ನಿಧಾನವಾಗಿ ಘರ್ಷಣೆ ವೇಗ 2 ಸೆಂ.ಮೀ.ಗೆ ಇಳಿದರೆ ಸಣ್ಣ ಮರಳಿನ ರೌಸ್ ಸಂಖ್ಯೆ 2.5 ದಾಟುತ್ತದೆ, ಅದು ಅಲ್ಲೇ ಕೂರುತ್ತದೆ. ಗೋಡು ಮಾತ್ರ ಅಣೆಕಟ್ಟಿನ ಕಡೆಗೆ ಮುಂದೆ ಹೋಗುತ್ತದೆ. ತುಂಗಭದ್ರಾ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿಯಿಂದ 105 ಟಿಎಂಸಿ ಆಸುಪಾಸಿಗೆ ಇಳಿದಿದೆ. ಹೂಳೆತ್ತುವ ಮಾತು ಬಂದಾಗಲೆಲ್ಲ ಎಷ್ಟು ಟಿಎಂಸಿ ಅಂತಷ್ಟೇ ಕೇಳುತ್ತೇವೆ. ಮೇಲಿನ ತುದಿಯ ಮರಳನ್ನು ಬೇಸಿಗೆಯಲ್ಲಿ ನೀರಿಳಿದಾಗ ತೆಗೆಯಬಹುದು, ಕಟ್ಟಡಕ್ಕೂ ಬರುತ್ತದೆ. ಅಣೆಕಟ್ಟಿನ ಹತ್ತಿರದ ಗೋಡು ನೀರಿನಡಿಯಲ್ಲಿ ಇರುತ್ತದೆ, ತೆಗೆದರೂ ಸುರಿಯಲು ಜಾಗ ಬೇಕು. ಎಲ್ಲಿ ಯಾವ ಗಾತ್ರದ ಕಣ ಕೂತಿದೆ ಅನ್ನೋ ನಕ್ಷೆ ಮೊದಲು ಆಗಬೇಕು. ನಾನೀಗ ನೀರಿನ ಕಂಬಗಳನ್ನು ಸಾಲಾಗಿ ಜೋಡಿಸಿ ಅದನ್ನೇ ಮಾಡುತ್ತಿದ್ದೇನೆ.