ಊರಿಗೊಂದು ‘ನೀವೆಲ್ಲ’: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಇಂಗ್ಲಿಷ್ ಮಾಧ್ಯಮದಲ್ಲೇ ಓದಿ, ಬೆಂಗಳೂರಿನ ಆಫೀಸಿನಲ್ಲಿ ವರ್ಷಗಟ್ಟಲೆ ಅಮೆರಿಕದವರೊಂದಿಗೆ ಫೋನಿನಲ್ಲಿ ಮಾತಾಡಿ ಬಂದವರನ್ನೂ ಇಲ್ಲಿ ಮೊದಲ ತಿಂಗಳು ತಡವರಿಸುವಂತೆ ಮಾಡುವುದು ‘ಯೂ’ ಎಂಬ ಪುಟ್ಟ ಪದ. ಎದುರಿಗೆ ನಾಲ್ಕು ಜನ ಇದ್ದಾಗ ಅವರನ್ನೆಲ್ಲ ಒಟ್ಟಿಗೆ ಏನಂತ ಕರೆಯಬೇಕು? ಡಲ್ಲಾಸಿನಲ್ಲಿ ಒಂದು ಉತ್ತರ, ಷಿಕಾಗೋದಲ್ಲಿ ಇನ್ನೊಂದು, ಪಿಟ್ಸ್‌ಬರ್ಗಿನಲ್ಲಿ ಮತ್ತೊಂದು.

ಹಿಂದೆ ಇಂಗ್ಲಿಷಿನಲ್ಲೂ ನಮ್ಮಂತೆಯೇ ಎರಡು ಪದಗಳಿದ್ದವು. ‘ದೌ’ ಅಂದರೆ ನೀನು; ‘ಯೀ’, ‘ಯೂ’ ಅಂದರೆ ನೀವು. ಹಿರಿಯರೊಬ್ಬರಿಗೆ ನಾವು ‘ನೀವು’ ಅನ್ನುವ ಹಾಗೆ ಅವರೂ ಮರ್ಯಾದೆಗೆ ಬಹುವಚನ ಹಚ್ಚಿದರು. ಬರಬರುತ್ತ ಆ ಮರ್ಯಾದೆ ಎಲ್ಲರಿಗೂ ಸಂದು, ‘ದೌ’ ದಿನದ ಮಾತಿನಿಂದಲೇ ಮರೆಯಾಯಿತು. ಉಳಿದದ್ದು ಒಬ್ಬರಿಗೂ ‘ಯೂ’, ಹತ್ತು ಮಂದಿಗೂ ‘ಯೂ’. ‘ನೀವು ಬನ್ನಿ’ ಅಂದರೆ ಒಬ್ಬರಿಗೋ ಮನೆಮಂದಿಗೆಲ್ಲವೋ ಎಂದು ಅನುಮಾನ ಬಂದಾಗ ನಾವು ‘ನೀವೆಲ್ಲ ಬನ್ನಿ’ ಅನ್ನುತ್ತೇವಲ್ಲ, ಅಮೆರಿಕದ ಒಂದೊಂದು ಸೀಮೆಯೂ ಮಾಡಿಕೊಂಡದ್ದು ಅದನ್ನೇ.

ದಕ್ಷಿಣದ ‘ಯಾಲ್’ನಿಂದ ಶುರುಮಾಡೋಣ. ಟೆಕ್ಸಸ್, ಜಾರ್ಜಿಯಾ, ಟೆನೆಸ್ಸೀ, ಕೆರೊಲಿನಾಗಳಲ್ಲಿ ಅಂಗಡಿ, ಶಾಲೆ, ಆಫೀಸು ಎಲ್ಲೆಲ್ಲೂ ಇದೇ ಮಾತು. ‘ಯೂ ಆಲ್’ ಕೂಡಿ ಆದದ್ದು, ಅಂದರೆ ಅಕ್ಷರಶಃ ನಮ್ಮ ‘ನೀವೆಲ್ಲ’. ಉಚ್ಚಾರದಲ್ಲಿ ಸ್ವರ ‘ಯಾ’ಗೂ ‘ಯೋ’ಗೂ ನಡುವೆ ನಿಲ್ಲುತ್ತದೆ. ಬರೆಯುವಾಗ ಅಪಾಸ್ಟ್ರಫಿ ‘ವೈ’ ಅಕ್ಷರದ ಪಕ್ಕದಲ್ಲೇ ಬರಬೇಕು, ಏಕೆಂದರೆ ಬಿಟ್ಟುಹೋದದ್ದು ಅಲ್ಲಿನ ‘ಓ’ ಮತ್ತು ‘ಯು’. ‘ಎ’ ಆದಮೇಲೆ ಹಾಕುವುದು ತಪ್ಪು, ಇಲ್ಲಿನವರೇ ಬಹಳ ಜನ ಹಾಗೆ ಬರೆದರೂ ಸಹ. ‘ನಿಮ್ಮೆಲ್ಲರ’ ಎನ್ನಲು ‘ಯಾಲ್ಸ್’. ಗುಂಪಿನಲ್ಲಿ ಒಬ್ಬರನ್ನೂ ಬಿಡದೆ ಎಂದು ಒತ್ತಿ ಹೇಳಲು ‘ಆಲ್ ಯಾಲ್’.

ನಮ್ಮವರು ಎಡವುವ ಜಾಗ ಇಲ್ಲೇ ಇದೆ. ‘ಯಾಲ್’ ಕೇಳಿ ಕೇಳಿ ಇದು ನಮ್ಮ ‘ನೀವು’ ಇದ್ದ ಹಾಗೆ, ಮರ್ಯಾದೆಯ ಪದ ಎಂದುಕೊಂಡು ಒಬ್ಬ ಮ್ಯಾನೇಜರಿಗೋ ಡಾಕ್ಟರಿಗೋ ಬಳಸಿಬಿಡುತ್ತಾರೆ. ಅದು ಮರ್ಯಾದೆಯ ಪದವಲ್ಲ, ಸಂಖ್ಯೆಯ ಪದ. ಹಾಗಾದರೆ ನೀವೊಬ್ಬರೇ ನಿಂತಿದ್ದಾಗ ಅಂಗಡಿಯಾಕೆ ‘ಹೌ ಯಾಲ್ ಡೂಯಿಂಗ್’ ಎಂದು ಕೇಳುವುದೇಕೆ? ಆಕೆ ನಿಮ್ಮ ಮನೆಮಂದಿಯನ್ನೂ ಸೇರಿಸಿಕೊಂಡು ಕೇಳುತ್ತಿದ್ದಾಳೆ. ನೀವು ಫೋನ್ ಮಾಡಿ ‘ಎಲ್ಲ ಚೆನ್ನಾಗಿದ್ದೀರಾ’ ಅನ್ನುವುದಿಲ್ಲವೇ, ಹಾಗೆ. ಹಾಗೆಯೇ ‘ಡೂ ಯಾಲ್ ಹ್ಯಾವ್ ಮಿಲ್ಕ್’ ಎಂದರೆ ಕೇಳುತ್ತಿರುವುದು ಎದುರಿಗಿರುವ ನೌಕರನ ಬಗ್ಗೆ ಅಲ್ಲ, ‘ನಿಮ್ಮ ಅಂಗಡಿಯಲ್ಲಿ’ ಎಂದು.

ದಕ್ಷಿಣದಾಚೆ ಕಪ್ಪು ಜನರ ಮಾತಿನಲ್ಲೂ ‘ಯಾಲ್’ ಸಹಜ. 1910ರಿಂದ 1970ರವರೆಗೆ ಲಕ್ಷಾಂತರ ಆಫ್ರಿಕನ್ ಅಮೆರಿಕನ್ನರು ದಕ್ಷಿಣ ಬಿಟ್ಟು ಷಿಕಾಗೋ, ಡೆಟ್ರಾಯಿಟ್, ನ್ಯೂಯಾರ್ಕಿನಂಥ ನಗರಗಳಿಗೆ ಹೋದಾಗ ಈ ಪದವೂ ಜೊತೆಗೆ ಹೋಯಿತು. ಈಚೆಗೆ ಬೇರೆಯವರೂ ಬಳಸುತ್ತಾರೆ. ಹಾಗಾಗಿ ನೀವು ಆಡಿದರೂ ಯಾರೂ ತಪ್ಪು ತಿಳಿಯುವುದಿಲ್ಲ. ಪದವೊಂದನ್ನಷ್ಟೇ ಆಡಿದರೆ ಸಾಕು; ದಕ್ಷಿಣದ ಎಳೆತವನ್ನೂ ಸೇರಿಸಿ ಆಡಿದರೆ ಅಣಕದಂತೆ ಕೇಳುತ್ತದೆ. ಹುಬ್ಬಳ್ಳಿಯವರೊಬ್ಬರು ಮಂಗಳೂರಿಗೆ ಬಂದ ವಾರದಲ್ಲೇ ಮಾತಿಗೊಮ್ಮೆ ‘ಮಾರಾಯ್ರೆ’ ಅಂದರೆ ಹೇಗೆ ಕೇಳೀತು ನೋಡಿ.

ಉತ್ತರ ಮತ್ತು ಪಶ್ಚಿಮದಲ್ಲಿ ‘ಯೂ ಗೈಸ್’. ಹೋಟೆಲಿನಲ್ಲಿ ಮಾಣಿ ಬಂದು, ಮೇಜಿನಲ್ಲಿ ಎಪ್ಪತ್ತು ದಾಟಿದ ನಿಮ್ಮ ತಾಯಿ ಕೂತಿದ್ದರೂ, ‘ವಾಟ್ ಕೆನ್ ಐ ಗೆಟ್ ಯೂ ಗೈಸ್’ ಅನ್ನುತ್ತಾನೆ. ಅದರಲ್ಲಿ ಅಗೌರವವಿಲ್ಲ, ಊರಿಂದ ಬಂದ ಹಿರಿಯರಿಗೆ ಇದನ್ನು ಮೊದಲೇ ತಿಳಿಸಿಡುವುದು ಒಳ್ಳೆಯದು. 1605ರಲ್ಲಿ ಲಂಡನ್ನಿನ ಪಾರ್ಲಿಮೆಂಟಿಗೆ ಸಿಡಿಮದ್ದು ಇಡಲು ಹೋಗಿ ಸಿಕ್ಕಿಬಿದ್ದ ಗೈ ಫಾಕ್ಸ್‌ನ ಹೆಸರು ಮೊದಲು ಅವನ ಬೆದರುಬೊಂಬೆಗೆ, ಆಮೇಲೆ ಯಾವುದೇ ಗಂಡಸಿಗೆ, ಕೊನೆಗೆ ಬಹುವಚನದಲ್ಲಿ ಎಲ್ಲರಿಗೂ ಹರಡಿತು. ಏಕವಚನದಲ್ಲಿ ‘ಎ ಗೈ’ ಅಂದರೆ ಈಗಲೂ ಗಂಡಸೇ. ಈ ಕಾರಣಕ್ಕೆ, ಹೆಂಗಸರಿರುವ ಸಭೆಯಲ್ಲಿ ಇದು ಬೇಡ ಎನ್ನುವವರು ಆಫೀಸುಗಳಲ್ಲಿ ಹೆಚ್ಚುತ್ತಿದ್ದಾರೆ. ಅವರ ಮಾತು ನ್ಯಾಯವಾದದ್ದು. ‘ಎವ್ರಿವನ್’, ‘ಫೋಕ್ಸ್’, ‘ಟೀಮ್’ ಎಲ್ಲ ಕಡೆಯೂ ನಡೆಯುತ್ತವೆ. ಇಮೇಲಿಗೆ ‘ಹಾಯ್ ಆಲ್’ ಸಾಕು. ‘ರೆಸ್ಪೆಕ್ಟೆಡ್ ಸರ್ಸ್’ ಬೇಡವೇ ಬೇಡ.

ಮಿಕ್ಕವು ಕಿವಿಗೆ ಮಾತ್ರ. ನ್ಯೂಯಾರ್ಕ್, ನ್ಯೂಜೆರ್ಸಿ, ಫಿಲಡೆಲ್ಫಿಯಾದ ಹಳೆಯ ಬಡಾವಣೆಗಳಲ್ಲಿ ‘ಯೂಸ್’ ಕೇಳಿಸುತ್ತದೆ. ಪಿಟ್ಸ್‌ಬರ್ಗಿನಲ್ಲಿ ‘ಯಿನ್ಸ್’: ಸ್ಕಾಟಿಷ್-ಐರಿಷ್ ವಲಸಿಗರ ‘ಯೂ ಒನ್ಸ್’ ಸವೆದು ಆದದ್ದು. ಅಲ್ಲಿನ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋದಾಗ ಊರೊಳಗೆ ಕಿವಿಗೊಟ್ಟರೆ ಇದು ಸಿಕ್ಕೀತು. ಅಲ್ಲಿಯವರು ‘ದ ಕಾರ್ ನೀಡ್ಸ್ ವಾಷ್ಡ್’ ಎಂದು ನಡುವಿನ ‘ಟು ಬಿ’ ಬಿಟ್ಟು ಮಾತಾಡುತ್ತಾರೆ. ಅದು ಆ ಸೀಮೆಯ ವ್ಯಾಕರಣ, ಅಜ್ಞಾನವಲ್ಲ. ಆದರೆ ಪ್ರಬಂಧದಲ್ಲಿ ಬರೆದರೆ ಮಕ್ಕಳಿಗೆ ಅಂಕ ಹೋಗುತ್ತದೆ. ‘ಯೂಸ್’, ‘ಯಿನ್ಸ್’ ಎರಡನ್ನೂ ಹೊರಗಿನವರು ಆಡುವುದು ಹೊಂದುವುದಿಲ್ಲ.

ಎಂದೂ ಆಡಬಾರದ್ದು ಒಂದಿದೆ: ‘ಯೂ ಪೀಪಲ್’. ನಮ್ಮ ಇಂಗ್ಲಿಷಿನಲ್ಲಿ ಇದು ‘ನೀವುಗಳು’ ಎಂಬುದರ ನೇರ ತರ್ಜುಮೆ. ‘ಯೂ ಪೀಪಲ್ ಪ್ಲೀಸ್ ಕಂ ಫಾರ್ ಡಿನ್ನರ್’ ಎಂದು ಪ್ರೀತಿಯಿಂದಲೇ ಹೇಳುತ್ತೇವೆ. ಅಮೆರಿಕದ ಕಿವಿಗೆ ಅದು ‘ನಿಮ್ಮಂಥ ಜನ’, ‘ನಿಮ್ಮ ಜಾತಿಯವರು’ ಎಂಬಂತೆ ಚುಚ್ಚುತ್ತದೆ, ಅದರಲ್ಲೂ ಕಪ್ಪು ಜನರಿಗೆ. 1992ರ ಜುಲೈಯಲ್ಲಿ ಅಧ್ಯಕ್ಷ ಪದವಿಗೆ ನಿಲ್ಲಲು ಹೊರಟಿದ್ದ ರಾಸ್ ಪೆರೋ, ನ್ಯಾಶ್‌ವಿಲ್‌ನಲ್ಲಿ ಕಪ್ಪು ಜನರ ಹಕ್ಕುಗಳ ಸಂಸ್ಥೆಯ ಸಭೆಯಲ್ಲಿ ಈ ಮಾತನ್ನಾಡಿ ದೇಶವಿಡೀ ಟೀಕೆಗೆ ಗುರಿಯಾದರು. ರೂಢಿ ಬಿಡಿಸಿಕೊಳ್ಳಲು ಸುಲಭದ ದಾರಿ: ‘ಪೀಪಲ್’ ನಾಲಿಗೆಗೆ ಬಂದಲ್ಲೆಲ್ಲ ‘ಆಲ್’ ಹಾಕಿ. ‘ಯೂ ಆಲ್’ ದೇಶದ ಯಾವ ಮೂಲೆಯಲ್ಲೂ ತಪ್ಪಾಗದು.

ಒಬ್ಬರನ್ನು ಕರೆಯುವುದರಲ್ಲೂ ಸೀಮೆಯ ಭೇದವಿದೆ. ದಕ್ಷಿಣದಲ್ಲಿ ಮಕ್ಕಳಿಗೆ ‘ಯೆಸ್ ಸರ್’, ‘ಯೆಸ್ ಮ್ಯಾಮ್’ ಮನೆಯಲ್ಲೇ ಕಲಿಸುತ್ತಾರೆ. ಪಶ್ಚಿಮದಲ್ಲೋ ಈಶಾನ್ಯದಲ್ಲೋ ನಲವತ್ತರ ಹೆಂಗಸಿಗೆ ‘ಮ್ಯಾಮ್’ ಅಂದರೆ ವಯಸ್ಸು ನೆನಪಿಸಿದಂತೆ ಆಗಬಹುದು. ದಕ್ಷಿಣದ ನರ್ಸರಿಗಳಲ್ಲಿ ಟೀಚರಿಗೆ ‘ಮಿಸ್’ ಜೊತೆ ಮೊದಲ ಹೆಸರು; ದೊಡ್ಡ ಶಾಲೆಯಲ್ಲಿ ‘ಮಿಸ್ಟರ್’ ಅಥವಾ ‘ಮಿಸ್’ ಜೊತೆ ಕೊನೆಯ ಹೆಸರು. ನಮ್ಮವರಲ್ಲದವರನ್ನು ಮಕ್ಕಳು ಆಂಟಿ, ಅಂಕಲ್ ಎನ್ನುವುದು ಬೇಡ. ಅವು ಇಲ್ಲಿ ನಿಜವಾದ ನಂಟಿಗೆ ಮೀಸಲು.

ಫೋನಿನಲ್ಲಿ ಹೆಚ್ಚು ಕೈಕೊಡುವುದು ಸ್ವರ. ದಕ್ಷಿಣದ ಬಹಳ ಜನರಿಗೆ ‘ನ’, ‘ಮ’ಗಳ ಮುಂದೆ ‘ಎ’ ಮತ್ತು ‘ಇ’ ಒಂದೇ: ‘ಪೆನ್’ ‘ಪಿನ್’ ಆಗುತ್ತದೆ, ‘ಟೆನ್’ ‘ಟಿನ್’ ಆಗುತ್ತದೆ. ಅದಕ್ಕೇ ಅಲ್ಲಿ ‘ಇಂಕ್ ಪೆನ್’ ಎಂದು ಬಿಡಿಸಿ ಕೇಳುವುದು. ಹೆಸರು ಬರೆದುಕೊಳ್ಳುವಾಗ ‘ಜೆನ್ನಿ’ಯೋ ‘ಜಿನ್ನಿ’ಯೋ ಎಂದು ಊಹಿಸದೆ ಅಕ್ಷರ ಕೇಳಿ. ಕ್ಯಾಲಿಫೋರ್ನಿಯಾದಲ್ಲೂ ಪಿಟ್ಸ್‌ಬರ್ಗಿನಲ್ಲೂ ‘ಡಾನ್’ (Don) ಎಂಬ ಗಂಡಸಿನ ಹೆಸರೂ ‘ಡಾನ್’ (Dawn) ಎಂಬ ಹೆಂಗಸಿನ ಹೆಸರೂ ಒಂದೇ ತೆರ ಕೇಳುತ್ತವೆ. ಈಶಾನ್ಯದವರು ‘ಕ್ವಾರ್ಟರ್ ಆಫ್ ಫೈವ್’ ಅಂದರೆ 4:45, ಐದೂಕಾಲಲ್ಲ. ಕಾರ್ ರಿಪೇರಿ, ದಂತವೈದ್ಯರ ಅಪಾಯಿಂಟ್‌ಮೆಂಟ್ ತಪ್ಪಿಹೋಗುವುದು ಇಂಥದ್ದರಿಂದಲೇ. ಗಂಟೆ, ನಿಮಿಷವನ್ನು ಅಂಕಿಯಲ್ಲಿ ತಿರುಗಿ ಹೇಳಿ ಖಚಿತ ಮಾಡಿಕೊಳ್ಳಿ.

ಬಾಟಲಿಯ ಸಿಹಿ ಪಾನೀಯ ಈಶಾನ್ಯದಲ್ಲೂ ಕ್ಯಾಲಿಫೋರ್ನಿಯಾದಲ್ಲೂ ‘ಸೋಡಾ’, ಮಿಷಿಗನ್, ಒಹಾಯೋ ಕಡೆ ‘ಪಾಪ್’. ಕೋಕಾ-ಕೋಲಾದ ತವರಾದ ಅಟ್ಲಾಂಟಾದ ಸುತ್ತ, ದಕ್ಷಿಣದ ಇನ್ನೂ ಎಷ್ಟೋ ಕಡೆ, ಎಲ್ಲದಕ್ಕೂ ‘ಕೋಕ್’ ಎನ್ನುವವರಿದ್ದಾರೆ. ‘ಕೋಕ್ ಕೊಡಿ’ ಅಂದಮೇಲೆ ‘ಯಾವುದು?’ ಎಂದು ಕೇಳಿದರೆ ಬೇಕಾದ ಹೆಸರು ಹೇಳಿ. ಮನೆಗೆ ಬಂದವರಿಗೆ ಉಪ್ಪು, ನಿಂಬೆಹಣ್ಣು ಹಿಂಡಿದ ನಮ್ಮ ಸೋಡಾ ಕೊಡುವ ಆಸೆಯಿದ್ದರೆ ಅಂಗಡಿಯಲ್ಲಿ ‘ಕ್ಲಬ್ ಸೋಡಾ’ ಎಂದು ಕೇಳಬೇಕು. ಬರೀ ‘ಸೋಡಾ’ ಅಂದರೆ ಸಕ್ಕರೆ ನೀರೇ ಕೈಗೆ ಬರುತ್ತದೆ.